ಹಸಿ ಬಣ್ಣದ ಪರದೆ

ನಮ್ಮ ಡ್ರಾಯಿಂಗ್ ಮಾಸ್ತರರು ನಾಟಕದ ಪರದೆಯ ಹತ್ತಿರ ಹೋಗುವಾಗ ಚಪ್ಪಲಿ ಬಿಡುತ್ತಿದ್ದರು. ಭಕ್ತಿಯಿಂದಲ್ಲ. ಬಟ್ಟೆಯನ್ನು ನೆಲಕ್ಕೆ ಹಾಸಿ ಬಣ್ಣ ಬಳಿಯುವಾಗ ಅದರ ಮೇಲೆಯೇ ಓಡಾಡಬೇಕಾಗುತ್ತದೆ, ಆಗ ಬಿದ್ದ ಅಭ್ಯಾಸ. ಪರದೆ ಎದ್ದು ನಿಂತ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಈ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷದ ಗ್ಯಾದರಿಂಗಿನ, ಅಂದರೆ ಶಾಲೆಯ ವಾರ್ಷಿಕೋತ್ಸವದ, ಕಥೆಯನ್ನು ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ. ಅವರ ಬರಿಗಾಲಿನ ಭಾಗ ಬಂದಾಗ ಮಾತ್ರ ಹಾರಿಸಿ ಮುಂದೆ ಹೋಗುತ್ತೇನೆ. ಬರೆಯುವಾಗ ಹಾಗೆ ಹಾರಿಸಲಿಕ್ಕೆ ಬರುವುದಿಲ್ಲ.

ಏಕೀಕರಣವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಸಿದ್ದಾಪುರದಿಂದ ಹೆಗ್ಗರಣೆ ಕಡೆಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ, ಇಂಗ್ಲಿಷ್ ಕಲಿಸುತ್ತಿದ್ದೆ. ಧಾರವಾಡದಲ್ಲಿ ಓದಿ ಬಂದವನೆಂಬ ಕಾರಣಕ್ಕೆ ನಾಟಕವೂ ನನ್ನ ಪಾಲಿಗೆ ಬಂದಿತ್ತು. ಮುಂಬಯಿ ಸರಕಾರವಿದ್ದಾಗಿನಿಂದ ಶಾಲೆಯಲ್ಲಿ ಚಿತ್ರಕಲೆಗೆ ಬೇರೆ ಪೀರಿಯಡ್ ಇತ್ತು, ಬೇರೆ ಮಾಸ್ತರರಿದ್ದರು. ಈಗ ಮೈಸೂರು ರಾಜ್ಯ. ಇಷ್ಟು ಚಿಕ್ಕ ಶಾಲೆಗೆ ಡ್ರಾಯಿಂಗಿಗೆಂದೇ ಒಬ್ಬರು ಬೇಕೇ ಎಂಬ ಪ್ರಶ್ನೆ ಮೇಲಿನವರಲ್ಲಿ ಎದ್ದಿದೆಯೆಂದು ಸುದ್ದಿ ಬಂತು. ನಮ್ಮ ಡ್ರಾಯಿಂಗ್ ಮಾಸ್ತರರದು ಹಂಗಾಮಿ ಕೆಲಸ. ಬನವಾಸಿ ಕಡೆಯ ಒಕ್ಕಲುತನದ ಮನೆಯಿಂದ, ಅಪ್ಪನ ಜೊತೆ ಜಗಳಾಡಿ, ಚಿತ್ರ ಬರೆದೇ ಬದುಕುತ್ತೇನೆಂದು ಬಂದವರು. ಶಾಲಾ ಇನ್ಸ್‌ಪೆಕ್ಟರರು ತಪಾಸಣೆಗೆ ಬಂದು ನೋಡಿ ಏನು ಹೇಳುತ್ತಾರೋ ಅದರ ಮೇಲೆ ಮಾಸ್ತರರು ಇರುವುದೋ ಹೋಗುವುದೋ ನಿಂತಿತ್ತು.

ಹೆಡ್‌ಮಾಸ್ತರರು ಕುಮಟಾ ಕಡೆಯವರು, ಧೈರ್ಯದವರು. "ಗ್ಯಾದರಿಂಗ್ ದಿನವೇ ಬನ್ನಿ ಅಂತ ಸಾಹೇಬರಿಗೆ ಹೇಳ್ತೇನೆ. ಚಿತ್ರ, ಹಾಡು, ನಾಟಕ, ಮೂರೂ ಒಂದೇ ಕಡೆ ಕಾಣಲಿ. ಅದನ್ನು ನೋಡಿದ ಮೇಲೂ ಬೇಡ ಅಂದ್ರೆ ಆವಾಗ ನೋಡುವ" ಎಂದರು.

"ನೋಡಿದ್ಮ್ಯಾಲ ಬ್ಯಾಡ ಅಂದ್ರ ಚಲೋ ಆತಲ್ರಿ ಸರ" ಎಂದರು ಡ್ರಾಯಿಂಗ್ ಮಾಸ್ತರರು. "ನಾಟಕದ ಪರದೀನ ಹೊತಗೊಂಡು ಊರಿಗೆ ಹೋಕ್ಕೀನಿ. ಅಪ್ಪಗ ಕಣಾ ಮಾಡಾಕ ಹಾಸಗಿ ಆಕೈತಿ."

ನಾವು ನಕ್ಕೆವು. ಅವರೂ ನಕ್ಕರು, ಆದರೆ ಅಂದೇ ಸಂಜೆ ಬಟ್ಟೆ ಅಳೆಯಲು ಕೂತರು.

ಶಿರಸಿಯಿಂದ ಮಾದರಪಾಟು ಬಟ್ಟೆ ತರಿಸಿ ಅಗಲಕ್ಕೆ ಅಗಲ ಜೋಡಿಸಿ ಹೊಲಿಸಿದೆವು. ಬಣ್ಣ ಹಿಡಿಯಬೇಕಾದರೆ ಬಟ್ಟೆಗೆ ಮೊದಲು ಅಂಟಿನ ಗಂಜಿ ಕೊಡಬೇಕು. ಮಾಸ್ತರರು ಪೇಟೆಯಿಂದ ಸರೇಸಿನ ಬಿಲ್ಲೆ ತಂದಿದ್ದರು. ಅದನ್ನು ಏತರಿಂದ ಮಾಡುತ್ತಾರೆಂದು ತರಗತಿಯಲ್ಲಿ ಯಾರೋ ಕೇಳಿದರು. ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಎಲುಬು, ಚರ್ಮ ಬೇಯಿಸಿ ತೆಗೆದದ್ದು. ಮರುದಿನ ಅರ್ಧ ತರಗತಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿತ್ತು. ಮಡಿ ಮೈಲಿಗೆಯ ತೋಟದ ಮನೆಗಳಲ್ಲಿ ಹಿರಿಯರು ಸುಮ್ಮನಿರುತ್ತಾರೆಯೇ!

ಮಾಸ್ತರರು ಬೇಸರ ಮಾಡಿಕೊಳ್ಳಲಿಲ್ಲ. "ಹುಣಸಿ ಬೀಜ ತರ್ರಿ ಹಂಗಾರ" ಎಂದರು. ಮಕ್ಕಳು ಚೀಲಗಟ್ಟಲೆ ತಂದರು. ಬೀಜ ಹುರಿದು, ನೆನೆಸಿ, ಸಿಪ್ಪೆ ತೆಗೆದು, ಒರಳಿನಲ್ಲಿ ರುಬ್ಬಿ, ಕುದಿಸಿ ಅಂಟು ಮಾಡಿದರು. ಒಳ್ಳೆಯ ಅಂಟು. ಅದಕ್ಕೆ ಒಂದೇ ಒಂದು ದುರ್ಗುಣ: ಬಿಸಿಲಿಗೆ ಒಣಗುತ್ತಿತ್ತು, ಬೆಳಗಿನ ಇಬ್ಬನಿ ತಾಗಿದರೆ ಮತ್ತೆ ಮೆತ್ತಗಾಗಿ ಕೈಗೆ ಅಂಟುತ್ತಿತ್ತು. ನಮ್ಮ ಕಡೆಯ ಇಬ್ಬನಿ ಎಂದರೆ ಮಧ್ಯಾಹ್ನದವರೆಗೂ ಆರುವುದಿಲ್ಲ. ಪರದೆ ಕಟ್ಟಿದ ಮೇಲೆ ಯಾರು ಹತ್ತಿರ ಸುಳಿದರೂ ಅವರದು ಒಂದೇ ಕೂಗು: "ಮುಟ್ಟಬ್ಯಾಡ್ರಿ, ಹಸಿ ಐತಿ!"

ಚಿಕ್ಕ ಹಾಳೆಯಲ್ಲಿ ಚಿತ್ರ ಬರೆದು ಅದಕ್ಕೆ ಚೌಕುಳಿ ಎಳೆದು, ಸುಣ್ಣದ ದಾರ ಚಿಮ್ಮಿಸಿ ಬಟ್ಟೆಯ ಮೇಲೂ ದೊಡ್ಡ ಚೌಕುಳಿ ಮಾಡಿಸಿದರು. ಒಂದೊಂದು ಚೌಕ ಒಬ್ಬೊಬ್ಬರಿಗೆ. ಕೆಂಪಿಗೆ ಗುಡ್ಡದ ಕೆಮ್ಮಣ್ಣು, ಕಪ್ಪಿಗೆ ದೀಪದ ಮಸಿ, ಆಕಾಶಕ್ಕೆ ಬಟ್ಟೆಗೆ ಹಾಕುವ ನೀಲಿ. ಚೌಕಗಳೆಲ್ಲ ಕೂಡಿದಾಗ ಕಾಡು, ಒಂದು ಮೂಲೆಯಲ್ಲಿ ಬೀಳುವ ನೀರು, ಮೇಲೆ ಬೇಕಾದಷ್ಟು ಆಕಾಶ. ಆಕಾಶ ಯಾಕಿಷ್ಟು ಎಂದು ಕೇಳಿದೆ. "ಕೈ ತಿರಗದ ಹುಡುಗ್ರು ಭಾಳ ಅದಾರ್ರೀ. ಅವರಿಗೆಲ್ಲ ಏನು ಕೊಡ್ಲಿ? ಆಕಾಶ ಕೊಟ್ಟೀನಿ" ಎಂದರು.

ನಾಟಕ ನಾನೇ ಬರೆದದ್ದು. ಕಾಡಿನ ರಾಕ್ಷಸನೊಬ್ಬ ಊರಿನ ಹಾಡನ್ನೆಲ್ಲ ನುಂಗಿಬಿಡುತ್ತಾನೆ. ಒಬ್ಬ ಹುಡುಗಿ ಅದನ್ನು ಅವನ ಹೊಟ್ಟೆಯಿಂದ ಹೊರಗೆ ತರುತ್ತಾಳೆ. ಹುಡುಗಿಯ ಪಾತ್ರಕ್ಕೆ ಮೇಲಿನ ಇಯತ್ತೆಯ ಒಬ್ಬಳಿದ್ದಳು, ಹಾರ್ಮೋನಿಯಂ ತಾನೇ ನುಡಿಸಿಕೊಂಡು ಹಾಡುವವಳು. ನಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಒಂದು ಕೀಲಿ ತೇವಕ್ಕೆ ಉಬ್ಬಿ, ಒತ್ತಿದರೆ ಮೇಲೆ ಏಳುತ್ತಿರಲಿಲ್ಲ. ಹಾಡು ಮುಗಿದರೂ "ಗುಂಯ್" ಎನ್ನುತ್ತಿತ್ತು. ಅವಳು ಉಗುರಿನಿಂದ ಅದನ್ನು ಮೀಟಿ ಎಬ್ಬಿಸುವುದು ತಾಲೀಮಿನ ಭಾಗವೇ ಆಗಿತ್ತು. ರಾಕ್ಷಸ ಬಂದೊಡನೆ ಹಾಡು ನಿಂತು ಪೂರ್ತಿ ನಿಶ್ಶಬ್ದ ಆಗಬೇಕು. ನಾಟಕ ನಿಂತಿದ್ದೇ ಆ ನಿಶ್ಶಬ್ದದ ಮೇಲೆ.

ಅವಳ ಅಜ್ಜಿ ಒಂದು ಕರಾರು ಹಾಕಿದ್ದರು. "ರಾತ್ರಿ ಆಟಕ್ಕೆ ಕೂಸಿನ ಕಳಿಸ್ತ್ನಿಲ್ಲೆ. ಹಗಲು ಮಾಡಿ, ಆನೂ ಬತ್ತೆ ನೋಡುಲೆ." ಉಳಿದ ಹುಡುಗಿಯರ ಮನೆಯವರೂ ಅದನ್ನೇ ಹೇಳಿದರು. ಹೀಗಾಗಿ ನಮ್ಮ ನಾಟಕ ಹಗಲಿಗೆ ಬಂತು. ಶಾಲೆಯ ಬಯಲಿನ ದೊಡ್ಡ ಮಾವಿನ ಮರದ ನೆರಳಿನಲ್ಲಿ ಬೆಂಚು ಜೋಡಿಸಿ, ಮೇಲೆ ಹಲಗೆ ಹಾಸಿ ರಂಗ ಮಾಡಿದೆವು. ಬಾವಿಯ ರಾಟೆಗಳನ್ನು ಕಂಬಕ್ಕೆ ಕಟ್ಟಿ, ಬಿದಿರಿನ ಗಳಕ್ಕೆ ಹೊಲಿದ ಪರದೆಯನ್ನು ರಂಗದ ಹಿಂಬದಿಯಲ್ಲಿ ಹಗ್ಗದಿಂದ ಮೇಲಕ್ಕೆಳೆದೆವು.

ವೇಷ ಕಟ್ಟಲು, ರಾಕ್ಷಸನಿಗೆ ಕುಣಿತ ಹೇಳಿಕೊಡಲು ಪಕ್ಕದ ಊರಿನ ಹೆಗಡೆಯವರೊಬ್ಬರನ್ನು ಕರೆದಿದ್ದೆ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಹಾಕಿ ಹೆಸರು ಮಾಡಿದವರು. ಅವರು ರಂಗದ ಪಕ್ಕದಲ್ಲಿ ತಟ್ಟಿ ಕಟ್ಟಿಸಿ ವೇಷ ಕಟ್ಟುವ ಚೌಕಿ ಮಾಡಿ, ಗಣಪತಿ ಇಟ್ಟು, ಒಂದು ದೀಪ ಹಚ್ಚಿದರು. ಚೌಕಿಯಲ್ಲಿ ದೀಪವಿಲ್ಲದೆ ಮುಖಕ್ಕೆ ಬಣ್ಣ ಮುಟ್ಟಿಸುವವರಲ್ಲ.

ಗ್ಯಾದರಿಂಗಿಗೆ ಕೆಲವು ದಿನ ಇರುವಾಗ ಮಾವಿನ ಮರಕ್ಕೆ ಹೆಜ್ಜೇನು ಬಂತು. ರಂಗದ ಹಿಂದೆ, ಎತ್ತರದ ದಪ್ಪ ಕೊಂಬೆಯ ಅಡಿಗೆ ಕರಿ ಕಂಬಳಿ ಒಣಹಾಕಿದಂತೆ ಕೂತಿತು. ಜೇನು ಕೀಳುವವನನ್ನು ಕರೆಸಿದರೆ, "ಬೆಳ್ದಿಂಗ್ಳಲ್ಲಿ ಮುಟ್ಟೂದಿಲ್ರಾ, ಅಮಾಸಿ ಬರ್ಲಿ. ನೀವು ಹೊಗೆ ಮಾಡ್ಬೇಡಿ, ಕಲ್ಲು ಹೊಡೀಬೇಡಿ, ಅದ್ರಷ್ಟಕ್ಕೆ ಅದು ಇರ್ತದೆ" ಎಂದ. ಅಮಾವಾಸ್ಯೆ ದೂರವಿತ್ತು, ಇನ್ಸ್‌ಪೆಕ್ಟರರ ದಿನ ಗೊತ್ತಾಗಿತ್ತು. ಅಷ್ಟು ನೆರಳಿನ ಸಮ ನೆಲ ಬೇರೆ ಇರಲಿಲ್ಲ. ಹೆಡ್‌ಮಾಸ್ತರರು ಕಟ್ಟುನಿಟ್ಟು ಮಾಡಿದರು: ಬಯಲಿನಲ್ಲಿ ಒಲೆ ಇಲ್ಲ, ಚಹಾ ಮನೆಗಳಿಂದಲೇ ಬರಬೇಕು, ಪಟಾಕಿ ಇಲ್ಲ, ಬೀಡಿ ಸೇದುವವರು ರಸ್ತೆಗೆ. ಎಲ್ಲವನ್ನೂ ಯೋಚಿಸಿದೆವು ಅಂದುಕೊಂಡೆವು. ಚೌಕಿಯ ದೀಪವನ್ನು ಬೆಂಕಿಯೆಂದು ಯಾರೂ ಎಣಿಸಲಿಲ್ಲ. ದೇವರ ಮುಂದಿನ ದೀಪವನ್ನು ನಮ್ಮಲ್ಲಿ ಯಾರು ತಾನೇ ಹಾಗೆ ಎಣಿಸುತ್ತಾರೆ!

ಆ ದಿನ ಎಲ್ಲವೂ ಚೆನ್ನಾಗಿಯೇ ಶುರುವಾಯಿತು. ಇನ್ಸ್‌ಪೆಕ್ಟರರು ಜೀಪಿನಲ್ಲಿ ಬಂದರು. ಮೈಸೂರು ಕಡೆಯವರು, ಸ್ಥೂಲಕಾಯ, ನುಣ್ಣನೆಯ ಬೋಳುತಲೆ, ಮಿತ ಮಾತು. ತರಗತಿಗಳ ತಪಾಸಣೆಯಲ್ಲಿ ಅವರು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಪರದೆಯ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಂತು, "ಎಲ್ಲ ಹುಡುಗರೇ ಬರೆದದ್ದಾ?" ಎಂದು ಕೇಳಿದರು. ಮುಟ್ಟಿ ನೋಡಲು ಕೈ ಚಾಚಿದರು. ಡ್ರಾಯಿಂಗ್ ಮಾಸ್ತರರ ಬಾಯಿಂದ "ಮುಟ್ಟಬ್ಯಾಡ್ರಿ" ಬಂದೇ ಬಿಟ್ಟಿತು. ಆಮೇಲೆ "ಸಾಹೇಬ್ರ" ಎಂದು ಸೇರಿಸಿದರು. ಹೆಡ್‌ಮಾಸ್ತರರು ಕಣ್ಣು ಮುಚ್ಚಿಕೊಂಡರು.

ನಾಟಕ ಶುರುವಾಯಿತು. ರಂಗದ ಎದುರಿಗೇ ಚಾಪೆಗಳ ಮೇಲೆ ಚಿಕ್ಕ ಮಕ್ಕಳು, ಅವರ ಹಿಂದೆ ಕುರ್ಚಿಗಳಲ್ಲಿ ಸಾಹೇಬರು, ಹೆಡ್‌ಮಾಸ್ತರರು, ಹುಡುಗಿಯ ಅಜ್ಜಿ. ಅದರ ಹಿಂದೆ ಊರವರು. ಹುಡುಗಿ ಹಾಡಿದಳು. ಚೌಕಿಯ ಕಡೆಯಿಂದ ರಾಕ್ಷಸನ ಆರ್ಭಟ ಕೇಳಿತು. ಆಗ, ಯಾವ ತಾಲೀಮಿನಲ್ಲೂ ಇಲ್ಲದ ಒಂದು ಕೆಲಸ ನಡೆಯಿತು. ಹೆಗಡೆಯವರು ಗಣಪತಿಯ ಮುಂದಿನ ದೀಪವನ್ನು ಎಡಗೈಯಲ್ಲಿ ಎತ್ತಿಕೊಂಡು, ಸೊಂಟದ ಚೀಲದಿಂದ ಹಿಡಿ ರಾಳದ ಪುಡಿ ತೆಗೆದು ಉರಿಗೆ ಎರಚಿದರು. ರಾಕ್ಷಸ ಬರುವಾಗ ರಾಳ ಹಾರಿಸುವುದು ಯಕ್ಷಗಾನದ ಆಟದ ಪದ್ಧತಿ. ರಾತ್ರಿಯ ಆಟದಲ್ಲಿ ಅವರು ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಭಗ್ಗೆಂದು ಆಳೆತ್ತರದ ಜ್ವಾಲೆ ಎದ್ದಿತು. ಜನ "ಹೋ" ಎಂದರು. ಸಾಹೇಬರು ಚಪ್ಪಾಳೆ ತಟ್ಟಿದರು! ಹಳದಿ ಹೊಗೆ ಉಂಡೆಯುಂಡೆಯಾಗಿ ಪರದೆಯ ಮೇಲಿಂದ ಮರದೊಳಗೆ ಏರಿಹೋಯಿತು.

ರಾಕ್ಷಸನ ವೇಷದ ಹುಡುಗ ಹಾರಿ ಬಂದು, "ಈ ಕಾಡಿನಲ್ಲಿ ಹಾಡಿದವರು ಯಾರು? ಆ ಹಾಡು ಇನ್ನು ನನ್ನ ಹೊಟ್ಟೆಯಲ್ಲಿ!" ಎಂದ. ಹಾಡು ನಿಂತಿತು. ಹಾರ್ಮೋನಿಯಂ ನಿಂತಿತು. ಶ್ರುತಿ ನಿಲ್ಲಲಿಲ್ಲ.

ಕೀಲಿ ಸಿಕ್ಕಿಕೊಂಡಿತು ಎಂದುಕೊಂಡೆ. ರಂಗದ ಮಗ್ಗುಲಿನಿಂದಲೇ ಹುಡುಗಿಗೆ ಬೆರಳು ಮೀಟಿ ಸನ್ನೆ ಮಾಡಿದೆ. ಅವಳು ಎರಡೂ ಕೈಗಳನ್ನು ಪೆಟ್ಟಿಗೆಯಿಂದ ಮೇಲೆತ್ತಿ ನನಗೆ ತೋರಿಸಿದಳು. ತಿದಿ ಮುಚ್ಚಿತ್ತು. ಗುಂಯ್ ಎನ್ನುವುದು ಏರುತ್ತಲೇ ಇತ್ತು.

ಆ ಎರಡು ಬರಿಯ ಅಂಗೈಗಳು ಈಗಲೂ ನನ್ನ ಕಣ್ಣ ಮುಂದಿವೆ. ಮೇಲೆ ನೋಡಿದೆ. ಕೊಂಬೆಯ ಕರಿ ಕಂಬಳಿ ಒಮ್ಮೆ ಅಲೆಯೆದ್ದಂತೆ ಮಿಂಚಿತು. ಅದರಿಂದೊಂದು ತುಂಡು ಕಳಚಿ ಬಿತ್ತು, ನೆಲ ಮುಟ್ಟುವ ಮೊದಲೇ ಹುಳಗಳಾಗಿ ಚೆದುರಿತು.

"ಜೇನು! ಜೇನು ಎದ್ದಿತು!" ಹಿಂದಿನವರು ಶಾಲೆಯ ಕಟ್ಟಡಕ್ಕೆ ಓಡಿದರು. ಅವರಿಗೆ ಬಾಗಿಲು ಹತ್ತಿರವಿತ್ತು. ಚಾಪೆಯ ಮೇಲಿನ ಮಕ್ಕಳಿಗೆ ದಾರಿ ಇರಲಿಲ್ಲ; ಮುಂದೆ ರಂಗ, ಹಿಂದೆ ಉರುಳಿದ ಕುರ್ಚಿಗಳು, ಅದರಾಚೆ ಓಡುವ ಜನ. ಓಡಿದ್ದರೆ ಕಾಲಡಿಗೆ ಸಿಕ್ಕುತ್ತಿದ್ದರು, ಕೂತಿದ್ದರೆ ಹುಳಗಳಿಗೆ. ಕೂಗಬೇಕೆಂದು ಬಾಯಿ ತೆರೆದೆ, ಏನು ಕೂಗಬೇಕೆಂದು ತಿಳಿಯಲಿಲ್ಲ.

ಡ್ರಾಯಿಂಗ್ ಮಾಸ್ತರರು ಹಗ್ಗ ಕಟ್ಟಿದ ಕಂಬದ ಹತ್ತಿರವಿದ್ದರು. ತಲೆಯೆತ್ತಿ ಒಮ್ಮೆ ಪರದೆಯನ್ನು ನೋಡಿದರು. ಒಂದೇ ಸಲ. ಆಮೇಲೆ ಗಂಟು ಬಿಚ್ಚಿಬಿಟ್ಟರು. ರಾಟೆ ಕಿರ್ರೆಂದಿತು, ಕಾಡು, ನೀರು, ಆಕಾಶ ಎಲ್ಲ ಮಡಚಿಕೊಂಡು ಹಲಗೆಯ ಮೇಲೆ ಇಳಿದವು.

"ಸರ, ಆ ತುದಿ ಹಿಡೀರಿ! ಎಳೀರಿ! ಹುಡುಗ್ರ ಮ್ಯಾಲ ಎಳೀರಿ!"

ನನ್ನ ಕೈಗೆ ಆಗ ಕೆಲಸ ಸಿಕ್ಕಿತು. ಆ ಕಡೆ ನಾನು, ಈ ಕಡೆ ಅವರು, ಹಸಿ ಪರದೆಯನ್ನು ರಂಗದ ಮೇಲಿಂದ ಚಾಪೆಗಳ ಮೇಲಕ್ಕೆ ಎಳೆದೆವು. "ಎಲ್ಲಾರೂ ಒಳಗ ಬರ್ರಿ! ತಲಿ ಬಗ್ಗಸ್ರಿ! ಸಾಹೇಬ್ರ, ನೀವೂ ಬರ್ರಿ!" ಹಾಡುವ ಹುಡುಗಿ ರಂಗದಿಂದ ಧುಮುಕಿ ಒಳಸೇರಿದಳು. ಇನ್ಸ್‌ಪೆಕ್ಟರರು ಮೊಣಕಾಲೂರಿ ನುಸುಳಿದರು. ಅಜ್ಜಿಯನ್ನು ಹೆಡ್‌ಮಾಸ್ತರರು ಎತ್ತಿಕೊಂಡೇ ಬಂದರು. ರಾಕ್ಷಸನ ಕಿರೀಟ ದೊಡ್ಡದು. ಅವನು ನಡುವೆ ಕುಕ್ಕರಗಾಲಲ್ಲಿ ಕೂತದ್ದರಿಂದ ಪರದೆ ಡೇರೆಯ ಹಾಗೆ ನಿಂತಿತು.

ಒಳಗೆ ನೀಲಿ ಕತ್ತಲೆ. ಹುಣಸೆ ಅಂಟಿನ ವಾಸನೆ. ಹುಳಗಳು ಹೊರಗಿನಿಂದ ಬಟ್ಟೆಗೆ ಟಪಟಪ ಬಡಿಯುತ್ತಿದ್ದವು. ಚಿಕ್ಕವನೊಬ್ಬ ರಾಕ್ಷಸನ ಮುಖ ಅಷ್ಟು ಹತ್ತಿರ ಕಂಡು ಜೇನನ್ನು ಮರೆತು ಅಳತೊಡಗಿದ. ರಾಕ್ಷಸ ಪಿಸುಗುಟ್ಟಿದ: "ಅಳಡ ತಮಾ, ಆನು ನಿನ್ನ ನುಂಗ್ತ್ನಿಲ್ಲೆ."

ಹೆಗಡೆಯವರು ನನ್ನ ಪಕ್ಕದಲ್ಲೇ ಇದ್ದರು, ದೀಪ ಇನ್ನೂ ಕೈಯಲ್ಲಿ, ಆರಿದ್ದು. "ರಾಳ ಆನು ಹಾಕಿದ್ನಿಲ್ಲೆ ಮಾಸ್ತರೇ, ಕೈಯೇ ಹಾಕ್ಚು" ಎಂದರು.

"ಆ ಕೈಗೆ ಸಿಗದ ಹಾಂಗೆ ಸೊಂಟದ ಚೀಲ ಕಿತ್ತಿಡಿ ಮೊದ್ಲು!" ಎಂದು ಕತ್ತಲೆಯಲ್ಲಿ ಅಜ್ಜಿಯ ದನಿ ಬಂತು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಪರದೆಯ ಅಂಚಿನ ಸಂದಿಯಲ್ಲಿ ಹೊರಗೆ ನೋಡಿದಾಗ ಎರಡು ಬರಿಗಾಲುಗಳು ಕಂಡವು.

ಅವರು ಒಳಗೆ ಬಂದಿರಲಿಲ್ಲ. ಗಾಳಿಗೆ ಅಂಚು ಏಳದಂತೆ ಸುತ್ತಲೂ ಕುರ್ಚಿ, ಕಲ್ಲು, ಸಿಕ್ಕಿದ್ದನ್ನು ಹೇರುತ್ತಾ ನಡೆಯುತ್ತಿದ್ದರು. ಕಾಲಿನ ಮೇಲೆ ಹುಳ ಕೂತಿದ್ದವು, ಗೆಜ್ಜೆ ಕಟ್ಟಿದಷ್ಟು ದಟ್ಟವಾಗಿ. ಕಾಲುಗಳು ಓಡುತ್ತಿರಲಿಲ್ಲ. ಒಂದೊಂದೇ ಹೆಜ್ಜೆ, ಪರದೆಯನ್ನು ತುಳಿಯದಂತೆ, ಅಂಚಿನ ಆಚೆಗೇ ಇಡುತ್ತಿದ್ದವು. ಒಮ್ಮೆ ನಿಂತವು. ಒಂದು ಪಾದ ಎದ್ದು ಇನ್ನೊಂದನ್ನು ತಿಕ್ಕಿತು. ಮತ್ತೆ ನಡೆದವು. ಮತ್ತೆ ನಿಂತವು; ಈ ಸಲ ತಿಕ್ಕಲೂ ಇಲ್ಲ.

ಕೈ ಹೊರಗೆ ಹಾಕಿ ಕಾಲಿನ ಗಂಟು ಹಿಡಿದೆ. "ಒಳಗೆ ಬನ್ನಿ!"

"ಆ ಮೂಲಿ ಒಂದು ಉಳದೈತ್ರಿ ಸರ" ಎಂದರು, ಶಾಲೆ ಬಿಟ್ಟ ಮೇಲೆ ಬಣ್ಣದ ಬಟ್ಟಲು ತೊಳೆಯುವಾಗ ಹೇಳುವ ದನಿಯಲ್ಲೇ. ಹೆಗಡೆಯವರೂ ನಾನೂ ಸೇರಿ ಎಳೆದೆವು. ಅವರು ಕುಸಿದು ನಮ್ಮ ಮೇಲೆಯೇ ಬಿದ್ದರು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಹೇಳಲಾರೆ. ಬಡಿತ ಕಡಿಮೆಯಾಗಿ, ನಿಂತು, ಪ್ಯೂನ ಕಂಬಳಿ ಹೊದ್ದು ಬಂದು "ಮರಕ್ಕೆ ಹೋದ್ವು" ಎಂದು ಕೂಗಿದ ಮೇಲೆ ಹೊರಬಿದ್ದೆವು. ಒಂದೆರಡು ಕಡಿತ ಎಲ್ಲರಿಗೂ ಇತ್ತು. ಮಕ್ಕಳಿಗೆ ಅದಕ್ಕಿಂತ ಹೆಚ್ಚಿರಲಿಲ್ಲ. ಆದರೆ ಎಲ್ಲರ ತಲೆ, ಬೆನ್ನು, ಕಿವಿ ನೀಲಿ. ಮೇಲ್ಬದಿಯಿಂದ ಬಟ್ಟೆಯೊಳಗೆ ಇಳಿದ ಆಕಾಶ ನಮ್ಮೆಲ್ಲರಿಗೂ ಮೆತ್ತಿಕೊಂಡಿತ್ತು.

ಡ್ರಾಯಿಂಗ್ ಮಾಸ್ತರರ ಮುಖ ಗುರುತು ಸಿಗುತ್ತಿರಲಿಲ್ಲ. ಉಸಿರು ಎಳೆಯುತ್ತಿದ್ದರು. ಇನ್ಸ್‌ಪೆಕ್ಟರರ ಜೀಪಿನಲ್ಲಿ ಅವರನ್ನು ಮಲಗಿಸಿಕೊಂಡು ಸಿದ್ದಾಪುರದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅವರ ಪಾದಗಳು ನನ್ನ ತೊಡೆಯ ಮೇಲಿದ್ದವು. ನಾನು ಒಂದೊಂದೇ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದೆ. ಡಾಕ್ಟರರು ಇಂಜೆಕ್ಷನ್ ಕೊಟ್ಟು, ನಾಡಿ ಹಿಡಿದು ಕೂತರು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಸಾಹೇಬರ ಬೋಳುತಲೆಯ ನೀಲಿಯನ್ನು ಆಸ್ಪತ್ರೆಗೆ ಬಂದವರೆಲ್ಲ ಇದ್ಯಾವ ಹೊಸ ರೋಗವೆಂದು ನಿಂತು ನೋಡಿ ಹೋಗುತ್ತಿದ್ದರು. ಅವರು ಒರೆಸಿಕೊಳ್ಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಕರೆದರು. ಉಬ್ಬಿದ ರೆಪ್ಪೆಗಳ ನಡುವೆ ಒಂದು ಸಣ್ಣ ಸಂದಿ ತೆರೆದಿತ್ತು.

"ಪರದಿ ಏನಾತ್ರಿ?" ಎಂದರು.

ಪರದೆ ಬಯಲಿನಲ್ಲಿ ಮುದ್ದೆಯಾಗಿ ಬಿದ್ದಿತ್ತು. ಇನ್ಸ್‌ಪೆಕ್ಟರರು ಮುಂದೆ ಬಂದರು. "ನಿಮ್ಮ ಪರದೇನ ಹೊರಗಿಂದ ನೋಡ್ದೆ, ಒಳಗಿಂದಾನೂ ನೋಡ್ದೆ ಮೇಷ್ಟ್ರೇ. ನಾಟಕ ಮಾತ್ರ ಅರ್ಧಕ್ಕೇ ನಿಂತೋಯ್ತು. ಅದು ಮುಗಿಯೋತನಕ ನನ್ನ ತಪಾಸಣೆ ಮುಗಿಯಲ್ಲ. ಮುಂದಿನ ವರ್ಷ ಬರ್ತೀನಿ. ಪರದೆ ಬರೆಸಿದೋರೇ ಇರ್ಬೇಕು, ಬೇರೆಯೋರು ಇದ್ರೆ ನಾನು ನೋಡಲ್ಲ."

ಹೆಡ್‌ಮಾಸ್ತರರು ಕಿಟಕಿಯ ಕಡೆ ತಿರುಗಿ ಮೂಗೊರೆಸಿಕೊಂಡರು. ಡ್ರಾಯಿಂಗ್ ಮಾಸ್ತರರು ಕೈಯಿಂದ ತಮ್ಮ ಮುಖ ಮುಟ್ಟಿ ನೋಡಿಕೊಂಡು, "ಮುಂದಿನ ವರ್ಷ ರಾಕ್ಷಸಗ ಬಣ್ಣ ಹಚ್ಚೂದು ಬ್ಯಾಡ್ರಿ. ನಾನ ನಿಲ್ತೀನಿ" ಎಂದರು. ಆಗ ಅವರು ಬದುಕಿದರು ಎಂದು ನನಗೆ ನಂಬಿಕೆ ಬಂತು.

ಮರುವಾರ ಪರದೆಯನ್ನು ಬಿಡಿಸಿದೆವು. ನೀರು ಬೀಳುವ ಮೂಲೆ ಹರಿದಿತ್ತು, ಕಾಡಿನ ತುಂಬ ಮೊಣಕಾಲಿನ ಗುರುತು. ಆಕಾಶದಲ್ಲಿ ಮಾತ್ರ, ಹಸಿ ಅಂಟಿಗೆ ಸಿಕ್ಕಿ ಸತ್ತ ಹುಳಗಳು ರೆಕ್ಕೆ ಬಿಚ್ಚಿಕೊಂಡು ಅಲ್ಲಲ್ಲಿ ಕೂತಿದ್ದವು. ಕೆರೆದು ತೆಗೆಯಲು ಹೊರಟವರನ್ನು ಆಕಾಶದ ಚೌಕಗಳ ಒಬ್ಬ ಹುಡುಗ ತಡೆದ. ಕಪ್ಪು ಮಸಿಯಲ್ಲಿ ಕುಂಚ ಅದ್ದಿ, ಒಂದೊಂದು ಹುಳಕ್ಕೂ ಎರಡೆರಡು ಗೆರೆ ಎಳೆದ. ಸಂಜೆಗೆ ಗೂಡಿಗೆ ಮರಳುವ ಹಕ್ಕಿಗಳ ಸಾಲು ಆಯಿತು. ಮಾಸ್ತರರು ಊದಿದ ಕಣ್ಣು ಅಗಲಿಸಿ ನೋಡಿ, "ಕೈ ತಿರಗದವ್ರಿಗೆ ಆಕಾಶ ಕೊಟ್ಟಿದ್ನಿ ನೋಡ್ರಿ" ಎಂದು ಅವನ ಬೆನ್ನು ತಟ್ಟಿದರು.

ಮುಂದಿನ ವರ್ಷ ಅದೇ ಪರದೆ, ಹರಿದಲ್ಲಿ ತೇಪೆ ಹಾಕಿ, ಶಾಲೆಯ ದೊಡ್ಡ ಕೋಣೆಯೊಳಗೆ ಕಟ್ಟಿದೆವು. ಹೆಗಡೆಯವರ ಸೊಂಟವನ್ನು ಹೆಡ್‌ಮಾಸ್ತರರು ಬಾಗಿಲಲ್ಲೇ ತಡವಿ ನೋಡಿ ಒಳಗೆ ಬಿಟ್ಟರು. ರಾಳದ ಬದಲು ಮಕ್ಕಳು ರಟ್ಟಿಗೆ ಬಣ್ಣ ಬಳಿದು ಜ್ವಾಲೆ ಮಾಡಿದ್ದರು. ಆ ಹುಡುಗಿ ಶಾಲೆ ಮುಗಿಸಿದ್ದರೂ ಹಾಡಲೆಂದೇ ಬಂದಿದ್ದಳು, ಅಜ್ಜಿಯ ಜೊತೆ. ಇನ್ಸ್‌ಪೆಕ್ಟರರು ಪರದೆಯನ್ನು ಹತ್ತಿರದಿಂದ ನೋಡಿದರು. "ಇದ್ಯಾವ ಜಾತಿ ಹಕ್ಕಿ ಮೇಷ್ಟ್ರೇ?"

"ಕಡಿಯೂ ಜಾತಿ ರೀ" ಎಂದರು ಡ್ರಾಯಿಂಗ್ ಮಾಸ್ತರರು. ಸಾಹೇಬರು ಹೊಟ್ಟೆ ಕುಲುಕುವಂತೆ ನಕ್ಕರು.

ಹುಡುಗಿ ಹಾಡಿದಳು. ರಟ್ಟಿನ ಜ್ವಾಲೆ ಎದ್ದಿತು, ರಾಕ್ಷಸ ಬಂದ, ಹಾಡನ್ನು ನುಂಗಿದ. ಹಾರ್ಮೋನಿಯಂ ನಿಂತಿತು. ಅವಳು ಕೀಲಿಯನ್ನು ಉಗುರಿನಿಂದ ಮೀಟಿದಳು, ಶ್ರುತಿಯೂ ನಿಂತಿತು. ನಾನು ಬರೆದ ನಿಶ್ಶಬ್ದ ಮೊದಲ ಸಲ ಪೂರ್ತಿ ಕೇಳಿಸಿತು. ಆದರೂ ನನ್ನ ಕತ್ತು ತಾನಾಗಿಯೇ ಮೇಲೆ ಎದ್ದಿತು. ನಾಚಿಕೆಯಾಗಿ ಸುತ್ತ ನೋಡಿದರೆ ಇನ್ಸ್‌ಪೆಕ್ಟರರು, ಹೆಡ್‌ಮಾಸ್ತರರು, ಅಜ್ಜಿ, ರಂಗದ ಮೇಲಿನ ರಾಕ್ಷಸ ಕೂಡ, ಎಲ್ಲರೂ ಮಾಡಿನ ಹಂಚನ್ನೇ ನೋಡುತ್ತಿದ್ದರು.

ಡ್ರಾಯಿಂಗ್ ಮಾಸ್ತರರೊಬ್ಬರು ಮಾತ್ರ, ಚಪ್ಪಲಿ ಬಾಗಿಲ ಹತ್ತಿರ ಬಿಟ್ಟು, ಹಗ್ಗದ ಕಂಬಕ್ಕೆ ಒರಗಿ, ಪರದೆ ನೋಡುತ್ತಾ ನಿಂತಿದ್ದರು.